ನುಗ್ಗೇಹಳ್ಳಿಯಲ್ಲಿ ನನ್ನ ಸ್ಪ್ಯಾನಿಷ್

ನಮ್ಮೂರು ನುಗ್ಗೇಹಳ್ಳಿಯ ದೇವಸ್ಥಾನದ ಶಿಲ್ಪಗಳ ಚಿತ್ರ ಬರೆಯಲು ಸ್ಪೇನ್ ದೇಶದಿಂದ ಎಲೆನಾ ಎಂಬ ಹುಡುಗಿ ಬರುತ್ತಾಳೆ, ಎರಡು ತಿಂಗಳು ನಮ್ಮ ಮಹಡಿ ಕೋಣೆಯಲ್ಲೇ ಇರುತ್ತಾಳೆ ಎಂದು ತಿಳಿದ ದಿನವೇ ನಾನು ಘೋಷಿಸಿಬಿಟ್ಟೆ: "ಆಕೆ ಹತ್ರ ಸ್ಪ್ಯಾನಿಷ್‌ನಲ್ಲೇ ಮಾತಾಡ್ತೀನಿ!" ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನಿಗೆ ಇದ್ಯಾವ ಮಹಾ? ಆದರೆ ಘೋಷಿಸಿದ್ದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ. ಹಿಂದೆ ಸರಿಯುವಂತಿರಲಿಲ್ಲ.

ಮನೆಯ ಸಾಮಾನುಗಳಿಂದಲೇ ಶುರು ಮಾಡಿದೆ. ಫೋನಿನಲ್ಲಿ ಹುಡುಕಿ, ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಚೀಟಿ ಬರೆದು ಒಂದೊಂದಕ್ಕೂ ಅಂಟಿಸಿದೆ. ಮೇಜಿಗೆ 'ಮೇಸಾ'. ಕುರ್ಚಿಗೆ 'ಸಿಯಾ'. ಬಾಗಿಲಿಗೆ 'ಪುಯೆರ್ತಾ'. ಮಂಚಕ್ಕೆ 'ಕಾಮಾ'.

ಬಾಯಿಪಾಠ ಶುರುವಾಗುವ ಮೊದಲೇ ಕೊಣನೂರಿನಿಂದ ನಮ್ಮತ್ತೆ ಬಂದಿಳಿದರು. ಮಂಚದ ಚೀಟಿ ಓದಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ನನ್ನ ಹೆಂಡತಿಯನ್ನು ಒಳಗೆ ಎಳೆದುಕೊಂಡು ಹೋದರು.

"ಲೇ ಜಯಾ, ಮೊಮ್ಮಕ್ಕಳು ಬರೋ ಮನೇಲಿ ನಿನ್ ಗಂಡ ಮಂಚದ್ ಮ್ಯಾಲೆ ಇದೇನೆ ಬರ್ದವ್ರೆ? ವಯಸ್ಸಾದ್ ಮ್ಯಾಲೆ ಇಂಗಾ ಆಗೋದು?"

"ಅದು ಬ್ಯಾರೆ ಭಾಷೆ ಕಣಮ್ಮ!"

"ಯಾವ್ ಭಾಷೆ ಆದ್ರೇನು, ಓದಕ್ಕೆ ಕನ್ನಡ್ದಂಗೇ ಅದಲ್ಲ!"

ಜಯಮ್ಮ ಎಲ್ಲ ಚೀಟಿಯನ್ನೂ ಕಿತ್ತಳು. ತಾಯಿ ಊರಿಗೆ ಹೋದ ಮೇಲೆ ಮಂಚದ್ದೊಂದನ್ನು ಬಿಟ್ಟು ಉಳಿದವನ್ನು ಕೈಗೆ ಸಿಕ್ಕ ಕಡೆ ಅಂಟಿಸಿದಳು. ಉತ್ತರವನ್ನು ಇನ್ನೊಮ್ಮೆ ಪರಿಶೀಲಿಸಿ ಎಂದು ಮಕ್ಕಳಿಗೆ ಬೆತ್ತ ತೋರಿಸಿ ಹೇಳುತ್ತಿದ್ದ ನಾನು ಪರಿಶೀಲಿಸಲಿಲ್ಲ! ಹತ್ತು ದಿನ ಕಣ್ಣುಮುಚ್ಚಿ ಉರುಹೊಡೆದೆ.

ಎಲೆನಾ ಬಂದಳು. ಪಕ್ಕದ ಮನೆಯ ಪುಟ್ಟಸ್ವಾಮಿ ಟೀ ಅಂಗಡಿಯ ಅರ್ಧ ಜನರನ್ನು ಕರೆತಂದು ಜಗಲಿ ತುಂಬಿಸಿದ್ದ. ನಾನು ಗಂಟಲು ಸರಿಮಾಡಿಕೊಂಡು, ಬಾಗಿಲ ಪಕ್ಕದ ಕುರ್ಚಿಯತ್ತ ಕೈಚಾಚಿ, ಅತ್ಯಂತ ಗೌರವದಿಂದ ನುಡಿದೆ: "ಪುಯೆರ್ತಾ, ಪೋರ್ ಫಾವೋರ್!"

ಹುಡುಗಿಯ ಮುಖ ಬಾಡಿತು. ಬಾಗಿಲು ನೋಡಿದಳು, ನನ್ನನ್ನು ನೋಡಿದಳು.

ಸಂಕೋಚ ಇರಬೇಕು ಎಂದುಕೊಂಡೆ. ಇನ್ನೂ ಜೋರಾಗಿ ಹೇಳಿದೆ: "ಪುಯೆರ್ತಾ! ಪುಯೆರ್ತಾ!"

ಆಕೆ ಬ್ಯಾಗ್ ಹೆಗಲಿಗೇರಿಸಿ ಹೊರಗೆ ನಡೆದೇಬಿಟ್ಟಳು!

"ಮೇಷ್ಟ್ರೇ, ಏನಂದ್ರಿ ಸಾ ಆ ಮಗೀಗೆ?" ಎಂದ ಪುಟ್ಟಸ್ವಾಮಿ.

"ಕೂತ್ಕೋ ಅಂದೆ ಕಣಯ್ಯ!"

ಜಯಮ್ಮ ಸೌಟು ಹಿಡಿದೇ ಬೀದಿಗೆ ಓಡಿ ಆಕೆಯ ರಟ್ಟೆ ಹಿಡಿದಳು. "ಎಲ್ಲಿಗೋಯ್ತೀಯವ್ವಾ ಬಿಸ್ಲಲ್ಲಿ? ಬಾ ಒಳಿಕ್ಕೆ, ಕಾಪಿ ಕುಡಿ." ಒಂದಕ್ಷರ ಅರ್ಥವಾಗದಿದ್ದರೂ ಹುಡುಗಿ ಬಂದಳು. ಕೂರುವ ಮುಂಚೆ ಕುರ್ಚಿಯ ಬೆನ್ನಿನ ಚೀಟಿ ಕಣ್ಣಿಗೆ ಬಿತ್ತು. ಓದಿದಳು. ಬಾಗಿಲಿನದನ್ನೂ ಓದಿದಳು. ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕುಸಿದು ನಕ್ಕಳು. ಮನೆಗೆ ಬಂದ ಅತಿಥಿಗೆ ನಾನು ಊರೆದುರು "ಬಾಗಿಲು, ದಯವಿಟ್ಟು!" ಎಂದಿದ್ದೆ.

ಅಂದಿನಿಂದ ಆಕೆಗೆ ಜಯಮ್ಮನೇ ಮೇಷ್ಟ್ರು. ಇಬ್ಬರೂ ಕಾಯಿ ತುರಿಯುತ್ತಾ, ಸೊಪ್ಪು ಬಿಡಿಸುತ್ತಾ ಮಾತಾಡಿದ್ದೇ ಮಾತಾಡಿದ್ದು. ಚೀಟಿಯಿಲ್ಲ, ಫೋನಿಲ್ಲ, ಬಾಯಿಪಾಠವಿಲ್ಲ. ಇಪ್ಪತ್ತೇ ದಿನ!

ಮೊನ್ನೆ ಬೆಳಿಗ್ಗೆ ಮರ್ಯಾದೆ ಉಳಿಸಿಕೊಳ್ಳುವ ಕೊನೆಯ ಪ್ರಯತ್ನವಾಗಿ, ರಾತ್ರಿಯೆಲ್ಲ ಕಲಿತ ಒಂದು ಉದ್ದನೆಯ ಸ್ಪ್ಯಾನಿಷ್ ವಾಕ್ಯ ಒಪ್ಪಿಸಿದೆ. ಎಲೆನಾ ತಾಳ್ಮೆಯಿಂದ ಪೂರ್ತಿ ಕೇಳಿದಳು. ಆಮೇಲೆ ನನ್ನ ಭುಜ ತಟ್ಟಿ ಅಂದಳು:

"ಯಾಕ್ ಕಷ್ಟ ಪಡ್ತೀರಾ ಮೇಷ್ಟ್ರೇ? ಕನ್ನಡ್ದಲ್ಲೇ ಯೋಳಿ. ನಂಗೆ ತಿಳೀತದೆ."