ಬಾಣಂತಿ ಕೋಣೆಯ ಹೊರಗೆ ನಿಂತ ಗಂಡ

ಹೆಂಡತಿಯ ಹೆರಿಗೆಯಿಂದ ಗಂಡನನ್ನು ಹೊರಗೆ ನೂಕಿದವರು ನಮ್ಮ ಜನ. ಆಮೇಲೆ ‘ಗಂಡಸರಿಗೇನು ಗೊತ್ತು’ ಅಂತ ನಗುವವರೂ ನಮ್ಮ ಜನವೇ. ತಮಿಳುನಾಡಿನ ನಮ್ಮ ಧರ್ಮಪುರಿ ಕಡೆ ಇದು ಮನೆಮನೆಯಲ್ಲೂ ನಡೆಯುತ್ತಲೇ ಇದೆ. ಅದಿಯಮಾನ್‌ಕೋಟೆಯ ನಮ್ಮ ಎದುರುಮನೆ ಹುಡುಗಿಯದನ್ನೇ ಹೇಳುತ್ತೇನೆ. ಅವಳ ಗಂಡ ತೊಪ್ಪೂರು ಘಾಟಿನಲ್ಲಿ ಲಾರಿ ಓಡಿಸುವವನು.

೧. ಚೆಕಪ್

ಬಸುರಿ ಹೆಂಡತಿಯ ತಿಂಗಳ ಚೆಕಪ್‌ಗೆ ಅವನೂ ಜೊತೆಗೆ ಹೋದ. ಬಾಗಿಲಲ್ಲೇ ನರ್ಸಮ್ಮ, “ಆಂಬ್ಳೆಂಗ ಎಲ್ಲಾಂ ವೆಳಿಯೆ!” ಅಂತ ಗಂಡಸರನ್ನೆಲ್ಲ ಹೊರಗಟ್ಟಿದಳು. ಬೇವಿನ ಮರದಡಿ ಗಂಡಂದಿರ ಗುಂಪು, ಎಲ್ಲರ ತೊಡೆ ಮೇಲೂ ಹೆಂಡತಿಯ ಕೈಚೀಲ. ಒಬ್ಬ ಹಳಬ ಸರಿದು ಜಾಗ ಕೊಟ್ಟ.

“ಒಳಗೆ ಏನ್ ಮಾಡ್ತಾರಣ್ಣಾ?” ಅಂತ ಇವನು ಕೇಳಿದ.

“ನಂಗೇನ್ ಗೊತ್ತು? ನಂದಿದು ಮೂರ್ನೇ ಮಗು ಕಣ್ಲಾ, ಇನ್ನೂ ಒಳಕ್ ಓಗಿಲ್ಲ.”

೨. ಬಟ್ಟೆ

ಹೆಣ್ಣುಮಗು ಆಯಿತು. ಬಾಣಂತನ ತಾಯಿಮನೆಯಲ್ಲಿ. ಅಳಿಯ ಕೋಣೆಯ ಹೊಸ್ತಿಲು ದಾಟಬಾರದು, ಬಾಣಂತಿಯನ್ನು ಮುಟ್ಟಬಾರದು. ಕೈಕಟ್ಟಿ ಕೂರಲಾರದೆ ಅವನು ಮಗುವಿನ ಬಟ್ಟೆ ಒಗೆಯಲು ಕುಳಿತ. ಅತ್ತೆ ಓಡಿಬಂದು ಬಕೆಟ್ ಕಿತ್ತುಕೊಂಡಳು.

“ಬುಡಿ ಮಾಪ್ಳೆ! ನೋಡ್ದೋರು ಏನಂತಾರೆ?”

“ಬಟ್ಟೆ ಬೆಳ್ಳಗೈತೆ ಅಂತಾರೆ ಅತ್ತೆ.”

೩. ಜ್ವರ

ಕೆಲವು ದಿನಕ್ಕೆ ಅವಳಿಗೆ ಚಳಿಜ್ವರ. ಮನೆಯ ಹೆಂಗಸರು ಶೀತ ಅಂದುಕೊಂಡು ಕಿವಿಗೆ ಹತ್ತಿ ಇಟ್ಟು, ಕಷಾಯ ಕುಡಿಸಿ, ಕಂಬಳಿ ಹೊದಿಸಿದರು.

“ಯಾಕತ್ತೆ ಅಂಗೆ ನಡುಗ್ತಾವ್ಳೆ?” ಅಂದ ಗಂಡ, ಬಾಗಿಲಾಚೆ ನಿಂತು.

“ಹೆಂಗಸ್ರ ಇಸ್ಯ, ನಿಮಗ್ಯಾಕೆ ಮಾಪ್ಳೆ?”

ಇಂಜಿನ್ ಕಾದಿದ್ದನ್ನು ಸದ್ದಿನಲ್ಲೇ ತಿಳಿಯುವವನಿಗೆ ಹೆಂಡತಿಯ ಹಣೆ ಮುಟ್ಟುವ ಹಕ್ಕಿರಲಿಲ್ಲ. ಜ್ವರ ಇಳಿಯದೆ ದಿನಗಳು ಕಳೆದು ಅವಳ ಮಾತು ತೊದಲತೊಡಗಿದಾಗ ಮಾತ್ರ ಅವನು ಯಾರನ್ನೂ ಕೇಳಲಿಲ್ಲ. ಒಳಗೆ ನುಗ್ಗಿ, ಅವಳನ್ನು ಎತ್ತಿಕೊಂಡು ಧರ್ಮಪುರಿಯ ಆಸ್ಪತ್ರೆಗೆ ಓಡಿದ. ಅತ್ತೆಯೂ ಹಿಂದೆಯೇ ಓಡಿದಳು.

ಡಾಕ್ಟರಮ್ಮ ಅವನನ್ನೇ ಗದರಿದರು: “ಗರ್ಭಕೋಶಕ್ಕೆ ನಂಜೇರಿದೆ. ಇಷ್ಟು ದಿನ ಏನು ನೋಡ್ತಿದ್ರಿ?”

ಅತ್ತೆ ಅಳುತ್ತಲೇ ಅಡ್ಡ ಬಂದಳು: “ಅವ್ರನ್ನ ಬಯ್ಬೇಡಿ ಮೇಡಂ. ಅವ್ರಿಗೇನೂ ಗೊತ್ತಿಲ್ಲ, ಹೊರಗಿನೋರು.”

“ಹಾಗಾದ್ರೆ ಇವಳ ಗಂಡ ಎಲ್ಲಿ?”

“ಅವ್ರೇ ಮೇಡಂ.”

ಆಮೇಲೆ ಈ ಮಾತು ಕೇಳಿ ನಮ್ಮ ಇಡೀ ಬೀದಿ ನಕ್ಕಿತು. ಅವನ ಹೆಂಡತಿ ನಗಲಿಲ್ಲ. ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ.

ಓದುತ್ತಿರುವ ಗಂಡಸರೇ, ಬಾಣಂತಿಗೆ ಜ್ವರ ಬಂದರೆ ಯಾರ ಅಪ್ಪಣೆಗೂ ಕಾಯಬೇಡಿ. ಒಳಗೆ ಹೋಗಿ, ಮುಟ್ಟಿ ನೋಡಿ, ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅತ್ತೆಯರೇ, ದಾರಿ ಬಿಡಿ.