ಒಂದು ದಿನದ ಬೂಟು

ಅಮೋಘಸಿದ್ದನ ಎಡಗಾಲಿನ ಹಿಮ್ಮಡಿ ತನ್ನ ಪಾಡಿಗೆ ತಾನು ಇದ್ದಿದ್ದರೆ ಅವನು ಆ ಬೂಟಿನ ಉಸಾಬರಿಗೇ ಹೋಗುತ್ತಿರಲಿಲ್ಲ. ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬಿಲ್ ಹರಿದುಕೊಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡು ನಡೆದಿದ್ದ ಹಿಮ್ಮಡಿ ಈಗೀಗ ಬೆಳಗ್ಗೆ ಹಾಸಿಗೆಯಿಂದ ಇಳಿದರೆ ಸಾಕು, ಜಾಲಿಮುಳ್ಳು ತುಳಿದ ಹಾಗೆ ಚುಚ್ಚುತ್ತಿತ್ತು. ಹೆಂಡತಿ ಕಸ್ತೂರಿ ಎಕ್ಕೆ ಎಲೆ ಕಾಯಿಸಿ ಕಟ್ಟಿದಳು, ಉಪ್ಪಿನ ಶಾಖ ಕೊಟ್ಟಳು, ಯಾವುದೋ ಎಣ್ಣೆ ತಿಕ್ಕಿದಳು. ಎಲ್ಲದರಿಂದಲೂ ಮನೆ ಘಮಘಮ ಅಂದಿತೇ ಹೊರತು ಕಾಲು ಸುಧಾರಿಸಲಿಲ್ಲ.

ನೋವಿಗಿಂತ ದೊಡ್ಡ ಚಿಂತೆ ಶ್ರೀಶೈಲದ್ದು. ಪ್ರತಿ ವರ್ಷ ಯುಗಾದಿಗೆ ಮುಂಚೆ ಅವನ ಓಣಿಯ ಗುಂಪು ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುತ್ತದೆ. ಹದಿನೈದು ದಿನದ ದಾರಿ. ಹೋದ ವರ್ಷ ಅಮೋಘಸಿದ್ದ ಮೂರನೆಯ ದಿನವೇ ರಸ್ತೆ ಪಕ್ಕ ಕೂತುಬಿಟ್ಟ. ಗುಂಪಿನ ಮುಂದಾಳು ಶಿವಲಿಂಗ ಅವನನ್ನು ಒಂದು ಉಳ್ಳಾಗಡ್ಡಿ ಲಾರಿಗೆ ಹತ್ತಿಸಿ ಊರಿಗೆ ಕಳಿಸಿದ. ಚೀಲಗಳ ಮೇಲೆ ಕೂತು ವಿಜಯಪುರಕ್ಕೆ ಬಂದಿಳಿದವನನ್ನು ಓಣಿ ವರ್ಷವಿಡೀ ಮರೆಯಲಿಲ್ಲ. ಈ ಸಲ ಗುಂಪು ಸೋಮವಾರ ಹೊರಡುವುದಿತ್ತು. ಕಾಲು ಗಟ್ಟಿ ಇದೆ ಎಂದು ಶುಕ್ರವಾರ ಸಂಜೆಯೊಳಗೆ ಖಾತ್ರಿಯಾದರೆ ಮಾತ್ರ ಹೆಸರು ಬರೆದುಕೊಳ್ಳುತ್ತೇನೆಂದು ಶಿವಲಿಂಗ ಕಡ್ಡಿ ಮುರಿದಂತೆ ಹೇಳಿದ್ದ.

ಗುರುವಾರ ಸಂಜೆ ಅಮೋಘಸಿದ್ದ ಗೋಳಗುಮ್ಮಟದ ಹತ್ತಿರ ಫೈಜಲನ ಚಪ್ಪಲಿ ಅಂಗಡಿಗೆ ಹೋದ. ಫೈಜಲ ಬೂದುಬಣ್ಣದ ಬೂಟು ತೆಗೆದು ಮುಂದಿಟ್ಟ. ತಳದಲ್ಲಿ ಬೆರಳು ದಪ್ಪದ ಮೆತ್ತೆ. ದಿನಪೂರ್ತಿ ನಿಂತು ನಡೆಯುವವರಿಗಾಗಿಯೇ ಮಾಡಿದ್ದು, ನಾಳೆ ಇಡೀ ದಿನ ಹಾಕಿಕೊಂಡು ನೋಡಿ, ಒಗ್ಗದಿದ್ದರೆ ಸಂಜೆ ಅಂಗಡಿ ಮುಚ್ಚುವುದರೊಳಗೆ ವಾಪಸ್ ತನ್ನಿ ಅಂದ. ಇಷ್ಟು ಒಳ್ಳೆಯ ಮಾತು ಆಡುವ ಅಂಗಡಿಕಾರನನ್ನು ಅಮೋಘಸಿದ್ದ ಅದೇ ಮೊದಲು ಕಂಡದ್ದು.

ಶುಕ್ರವಾರ ಬೆಳಗ್ಗೆ ಬೂಟು ಹಾಕಿಕೊಂಡು ಹೊರಗೆ ಬಂದರೆ ಪಕ್ಕದ ಮನೆಯ ಪೀರಸಾಬ ಬಾಗಿಲಲ್ಲೇ ನಿಂತಿದ್ದ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತನಾದವನು. ಟೈರಿನ ಗಾಳಿ ನೋಡುವ ಹಾಗೆ ಬೂಟಿಗೆ ಒಂದು ಒದೆ ಕೊಟ್ಟ. ಒಳಗೆ ಅಮೋಘಸಿದ್ದನ ಕಾಲಿದೆ ಎಂಬುದು ಅವನಿಗೆ ಲೆಕ್ಕಕ್ಕಿರಲಿಲ್ಲ. ಆಮೇಲೆ ಪರೀಕ್ಷೆ ಹೇಗೆ ಮಾಡಬೇಕೆಂದು ಪಾಠ ಶುರು ಮಾಡಿದ. ಡಾಂಬರಿನ ಮೇಲೆ ನಡೆಯಬೇಕು, ಎರೆ ಮಣ್ಣಿನ ಮೇಲೆ ನಡೆಯಬೇಕು, ಮೆಟ್ಟಿಲು ಹತ್ತಬೇಕು, ತಾಸಿಗೊಮ್ಮೆ ವರದಿ ಒಪ್ಪಿಸಬೇಕು. ತಾನೇ ಫೋನ್ ಮಾಡುತ್ತೇನೆಂದೂ ಹೇಳಿದ.

ಅವತ್ತು ಮೀಟರ್ ನೋಡಬೇಕಿದ್ದ ತಿಕೋಟಾ ಊರಿನಲ್ಲಿ ಮೊದಲ ಮನೆ ಹೊಳೆವ್ವನದು. ಮೀಟರ್ ಪಡಸಾಲೆಯೊಳಗೆ, ದೇವರ ಜಗಲಿಯ ಪಕ್ಕಕ್ಕೆ. ಬೂಟು ಕಳಚಿ ಒಳಗೆ ಹೋದ. ಬಿಲ್ ಹರಿದು ಹೊರಗೆ ಬಂದರೆ ಬೂಟಿಲ್ಲ. ಎಪ್ಪತ್ತು ದಾಟಿದ ಹೊಳೆವ್ವ ಅವನ್ನು ಮೆಟ್ಟಿಕೊಂಡು ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ಅಡ್ಡಾಡುತ್ತಿದ್ದಳು.

"ಇದು ಬೂಟಲ್ಲೋ ಯಪ್ಪಾ, ಗಾದಿ. ತಡಿ, ಪರಸವ್ವಗ ತೋರಿಸಿ ಬರ್ತೇನಿ" ಅಂದವಳೇ ಎದುರು ಮನೆಗೆ ಹೊರಟಳು.

ಅಮೋಘಸಿದ್ದ ಬರಿಗಾಲಲ್ಲಿ ಬಿಸಿ ಫರಸಿ ಕಲ್ಲಿನ ಮೇಲೆ ಕುಣಿಯುತ್ತ ಬೆನ್ನು ಹತ್ತಿದ. ಪರಸವ್ವ ಹಾಕಿ ನೋಡಿದಳು, ಅವಳ ಸೊಸೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮೂರನೆಯ ಮನೆಯ ಮುದುಕ ಮೂಸಿಯೂ ನೋಡಿದ. ಅಷ್ಟರಲ್ಲಿ ಪೀರಸಾಬನ ಫೋನು.

"ಈಗ ಹ್ಯಾಂಗ ಐತಿ?"

"ಬೂಟು ಹೊಳೆವ್ವನ ಕಾಲಾಗ ಅದಾವ್ರಿ ಚಾಚಾ."

"ಆಕಿ ಏನಂತಾಳ?"

"ಮೊಣಕಾಲು ಹಗುರ ಆಗ್ಯಾವ ಅಂತಾಳ."

"ಹಂಗಾರ ಅದನ್ನೂ ಬರಕೊ" ಅಂದು ಪೀರಸಾಬ ಫೋನ್ ಇಟ್ಟ.

ಆ ಓಣಿಯಲ್ಲಿ ಎಲ್ಲರ ಮೀಟರೂ ಒಳಗೇ. ಪ್ರತಿ ಮನೆಯಲ್ಲೂ ಬೂಟು ಬಿಚ್ಚಬೇಕು, ಹೊರಗೆ ಬಂದು ಯಾರ ಕಾಲಲ್ಲಿದೆ ಎಂದು ಹುಡುಕಬೇಕು. ಮಧ್ಯಾಹ್ನದ ಹೊತ್ತಿಗೆ ಬೂಟು ಹೇಗಿದೆ ಎಂಬುದು ಇಡೀ ಓಣಿಗೆ ಗೊತ್ತಾಗಿತ್ತು, ಅಮೋಘಸಿದ್ದನೊಬ್ಬನನ್ನು ಬಿಟ್ಟು. ಪಾಪ, ಹಿಮ್ಮಡಿ ಮಾತ್ರ ಚುಚ್ಚುವ ತನ್ನ ಕೆಲಸ ತಪ್ಪದೆ ಮಾಡುತ್ತಿತ್ತು.

ಜೀಪು ಹಿಡಿದು ಬಬಲೇಶ್ವರಕ್ಕೆ ಬಂದಾಗ ಎರಡು ಗಂಟೆ. ಇಲ್ಲಿ ಅದೃಷ್ಟ ಸ್ವಲ್ಪ ತಿರುಗಿತು. ಅಂಗಡಿ ಸಾಲಿನಲ್ಲಿ ಮೀಟರುಗಳೆಲ್ಲ ಹೊರಗೋಡೆಯ ಮೇಲೆ, ಬೂಟು ಬಿಚ್ಚುವ ಕೆಲಸವಿಲ್ಲ. ನಡೆದ. ಡಾಂಬರು, ಎರೆ ಮಣ್ಣು, ಮಾಳಿಗೆಯ ಮೆಟ್ಟಿಲು, ಒಂದೂ ಬಿಡಲಿಲ್ಲ. ಸಂತೆಯ ನೂಕುನುಗ್ಗಲಲ್ಲಿ ಯಾರೋ ಜೋಳದ ಚೀಲವನ್ನು ಅವನ ಕಾಲ ಮೇಲೆಯೇ ಇಳಿಸಿದರು. ಅದಕ್ಕೂ ಹಿಮ್ಮಡಿ ಮಾತಾಡಲಿಲ್ಲ. ಐದು ಗಂಟೆಗೆ ಬಸ್ಸಿನಲ್ಲಿ ಸೀಟು ಸಿಗದೆ ನಿಂತಿದ್ದಾಗ ಅವನಿಗೆ ಹೊಳೆಯಿತು, ಮೂರು ತಾಸಿನಿಂದ ತನಗೆ ಕಾಲಿನ ನೆನಪೇ ಆಗಿಲ್ಲ ಎಂದು. ಆ ಕ್ಷಣದಲ್ಲಿ ಅವನಿಗೆ ಆದ ಸಂತೋಷ ಹೇಳತೀರದು. ಕಂಬಿ ಹಿಡಿದು ನಿಂತಲ್ಲೇ ಕಣ್ಣು ತುಂಬಿಕೊಂಡ. ಪಕ್ಕದಲ್ಲಿದ್ದವನು ಏನೋ ಕೆಟ್ಟ ಸುದ್ದಿ ಬಂದಿರಬೇಕೆಂದು ಸ್ವಲ್ಪ ಜಾಗ ಬಿಟ್ಟುಕೊಟ್ಟ.

ಮನೆಯ ಕಟ್ಟೆಯ ಮೇಲೆ ಪೀರಸಾಬನೂ ಶಿವಲಿಂಗನೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕೂತಿದ್ದರು. ಶಿವಲಿಂಗ ಪುಸ್ತಕ ತೆರೆದು ಪೆನ್ನು ಹಿಡಿದೇ ಕೇಳಿದ, ನೋವು ಎಷ್ಟಿದೆ ಎಂದು.

ಕಡಿಮೆಯಾಗಿದೆ ಅಂದಿದ್ದರೆ ಸಾಕಿತ್ತು. ಆದರೆ ಲಾರಿಯ ಮೇಲೆ ಕೂತು ಬಂದವನಿಗೆ ಅಷ್ಟು ಸಾಲದು. ಅಮೋಘಸಿದ್ದ ಎಡಗಾಲನ್ನೆತ್ತಿ ಕಲ್ಲಿನ ಮೇಲೆ ಮೂರು ಸಲ ಜಾಡಿಸಿ ಅಪ್ಪಳಿಸಿದ.

"ನೋವು ಅಂಬೋದೇ ಇಲ್ಲ. ಬೇರುಸಹಿತ ಹೋಗೇತಿ" ಅಂದ.

ಶಿವಲಿಂಗ ಹೆಸರು ಬರೆದುಕೊಂಡ. ಒಳಗಿನಿಂದ ಎಲ್ಲ ಕೇಳಿಸಿಕೊಂಡ ಕಸ್ತೂರಿ ಹೊಸ್ತಿಲಿಗೆ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ಕೇಳಿದಳು, ಖರೆ ಹೋಗಿದೆಯಾ ಎಂದು. ಖರೆ ಅಂದ. ಅವಳು ಒಳಗೆ ಹೋಗಿ ದೇವರ ಮುಂದೆ ಕಾಯಿ ಒಡೆದು ಬಂದು, ಗಂಡನ ಮುಂದೆ ನಿಂತು ಮೆಲ್ಲಗೆ ಹೇಳಿದಳು:

"ಹ್ವಾದ ಸೋಮವಾರ ಮಲ್ಲಯ್ಯಗ ಹರಕಿ ಹೊತ್ತಿದ್ನಿರಿ. ನಮ್ಮ ಮನಿಯವರ ಹಿಮ್ಮಡಿ ನೋವು ಹೋತಂದ್ರ, ಅದು ಹ್ವಾದ ದಿನದಿಂದ ನಿನ್ನ ಗುಡಿ ಮುಟ್ಟೂತನಕ ಅವರು ಕಾಲಿಗಿ ಏನೂ ಹಾಕೂದಿಲ್ಲ, ಬರಿಗಾಲಿಲೆ ನಡಕೋತ ಬರ್ತಾರಂತ."

ಅಮೋಘಸಿದ್ದ ಇದು ಬೂಟಿನ ಗುಣ, ಮಲ್ಲಯ್ಯನದಲ್ಲ ಎಂದು ತಿಳಿಸಿ ಹೇಳಲು ನೋಡಿದ.

"ಆ ಬೂಟು ತೊಗೋಬೇಕು ಅನ್ನೂ ಬುದ್ಧಿ ನಿಮಗ ಕೊಟ್ಟಾಂವ ಯಾರು?" ಅಂದಳು ಕಸ್ತೂರಿ.

ಅಮೋಘಸಿದ್ದ ಪೀರಸಾಬನ ಕಡೆ ನೋಡಿದ. ಬೆಳಗ್ಗೆಯಿಂದ ಬೂಟಿನ ವಕೀಲನಾಗಿದ್ದ ಪೀರಸಾಬ ಈಗ ಗಡ್ಡ ನೀವಿಕೊಂಡು, ಹರಕೆ ಅಂದರೆ ಹರಕೆ, ನಮ್ಮ ದರ್ಗಾದಲ್ಲೂ ಹಾಗೇ, ಮಾತು ತಪ್ಪಬಾರದು ಅಂದುಬಿಟ್ಟ. ಇನ್ನೂ ಸ್ವಲ್ಪ ನೋವಿದೆ ಅಂದುಬಿಡೋಣವೆಂದು ಅಮೋಘಸಿದ್ದನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಶಿವಲಿಂಗನ ಕೈಯಲ್ಲಿದ್ದ ಪೆನ್ನು ಕಣ್ಣಿಗೆ ಬಿತ್ತು. ನೋವಿದೆ ಅಂದರೆ ಹೆಸರು ಹೋಗುತ್ತದೆ. ಇಲ್ಲ ಅಂದರೆ ಬೂಟು ಹೋಗುತ್ತದೆ. ಸುಮ್ಮನೆ ಕೂತು ದಾರ ಬಿಚ್ಚಿದ.

ಅಂಗಡಿ ಮುಚ್ಚುವುದರೊಳಗೆ ಮುಟ್ಟಿಸಬೇಕಲ್ಲ, ಬೂಟಿನ ಡಬ್ಬಿ ಕಂಕುಳಲ್ಲಿಟ್ಟು ಬರಿಗಾಲಲ್ಲೇ ಹೊರಟ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಹಿಮ್ಮಡಿ ಚುಚ್ಚಿತು. ಮಧ್ಯಾಹ್ನದಿಂದ ಬಿಡುವು ಸಿಕ್ಕು ದಣಿವಾರಿಸಿಕೊಂಡಿದ್ದಕ್ಕೋ ಏನೋ, ಎಂದಿಗಿಂತ ಜೋರಾಗಿಯೇ ಚುಚ್ಚಿತು. ಯಾರಿಗೆ ಹೇಳುವುದು? ಕಾಯಿ ಒಡೆದಾಗಿತ್ತು, ಹೆಸರು ಬರೆದಾಗಿತ್ತು. ಹಿಂದಿನಿಂದ ಕಸ್ತೂರಿ ನೋಡುತ್ತಿರಬಹುದೆಂದು ಕುಂಟದೆ ನಡೆದ. ನಾಲ್ಕು ಮಾತು ಕಡಿಮೆ ಆಡಿದ್ದರೆ ಏನಾಗುತ್ತಿತ್ತು ಎಂದು ದಾರಿಯುದ್ದಕ್ಕೂ ಹಳಹಳಿಸಿದ.

ಫೈಜಲ ಶಟರ್ ಅರ್ಧ ಎಳೆದಿದ್ದವನು ಇವನನ್ನು ಕಂಡು ನಿಲ್ಲಿಸಿದ. ಡಬ್ಬಿ ತೆರೆದು ಬೂಟು ಹೊರಳಿಸಿ ನೋಡಿದ, ಒಳಗೆ ಕೈ ಹಾಕಿ ಮೆತ್ತೆ ಒತ್ತಿ ನೋಡಿದ. ಅವನ ಮುಖ ಸಣ್ಣದಾಯಿತು.

"ಯಾಕ್ರಿ, ಎಲ್ಲಿ ತ್ರಾಸ ಕೊಡ್ತು?"

ಅಮೋಘಸಿದ್ದ ಎಡಗಾಲನ್ನು ಕೊಂಚ ಎತ್ತಿ ಬಲಗಾಲಿನ ಮೇಲೆ ಭಾರ ಹಾಕಿ ನಿಂತ.

"ಎಲ್ಲೂ ಕೊಡ್ಲಿಲ್ಲಪಾ" ಅಂದ. "ಅದಕ್ಕೇ ತಂದೇನಿ."