ಅಪ್ಪನ ಹೆಸರು ಮೊದಲು

ಆಕರಗಳ ಪಟ್ಟಿ ಎಂದರೆ ಪ್ರಬಂಧದ ಕೊನೆಯ ಹದಿನೆಂಟು ಪುಟ. ಆರು ವರ್ಷ ಬಿಸಿಲಲ್ಲಿ ಅಲೆದು ತಾಂಬರಂ ಸುತ್ತಲಿನ ಕೆರೆಗಳ ಚರಿತ್ರೆ ಬರೆದವಳಿಗೆ ಹದಿನೆಂಟು ಪುಟ ಯಾವ ಲೆಕ್ಕ? ಶನಿವಾರ, ಭಾನುವಾರ ಎರಡೇ ದಿನ ಸಾಕು ಎಂದು ಗಂಡನ ಮುಂದೆ ಘೋಷಿಸಿದೆ.

"ಪ್ರಿಂಟ್ ಹಾಕೋ ಅಂಗಡಿಯವ್ರೇ ಅದನ್ನೆಲ್ಲಾ ಮಾಡ್ಕೊಡ್ತಾರಂತೆ ಕಣೆ" ಎಂದರು ಮಹೇಶ್.

"ಇಷ್ಟಕ್ಕೂ ಅಂಗಡಿಗೆ ಹೋಗ್ಬೇಕೇನ್ರೀ? ನಾನೇನು ಅಕ್ಷರ ಬಾರದವಳಾ?"

ಜೂನ್ ಒಳಗೆ ಪಿಎಚ್.ಡಿ. ಬಂದರೆ ಕಾಲೇಜಿನಲ್ಲಿ ನನ್ನ ಕೆಲಸ ಖಾಯಂ. ಬಾರದಿದ್ದರೆ ಪ್ರತಿ ವರ್ಷ ಪ್ರಿನ್ಸಿಪಾಲರ ಮುಂದೆ ಕೈಕಟ್ಟಿ ನಿಂತು "ಇನ್ನೊಂದು ವರ್ಷ ಮುಂದುವರಿಸಿ ಸಾರ್" ಎನ್ನುವ ಭಾಗ್ಯ. ಇದಲ್ಲದೆ ಒಳಗೊಳಗೇ ಇನ್ನೊಂದು ಕಿಚ್ಚಿತ್ತು. ಎಂ.ಎ. ಮುಗಿಸಿ ಚಾಮರಾಜನಗರದ ಮನೆಗೆ ಬಂದ ದಿನವೇ ಅಪ್ಪ ಗುರುಮಲ್ಲಪ್ಪನವರು, "ಹೆಣ್ಣೈಕ್ಳಿಗೆ ಇಷ್ಟು ಓದು ಸಾಕು ಬುಡವ್ವ" ಎಂದು ನನ್ನ ಪುಸ್ತಕಗಳನ್ನೆಲ್ಲ ಅಟ್ಟಕ್ಕೇರಿಸಿದ್ದರು. ಮೂರೇ ತಿಂಗಳಲ್ಲಿ ಮದುವೆ ಮಾಡಿ ಚೆನ್ನೈಗೆ ಸಾಗಹಾಕಿದ್ದರು. ಆ ಅಪ್ಪನ ಮುಂದೆ ಒಂದು ಸಲ, ಒಂದೇ ಸಲ, ಡಾಕ್ಟರ್ ಸುಮಿತ್ರಾ ಎಂದು ನಿಲ್ಲಬೇಕಿತ್ತು.

ಶನಿವಾರ ಬೆಳಿಗ್ಗೆ ನಿಯಮಾವಳಿ ಬಿಚ್ಚಿದೆ. ಲೇಖಕರ ಮನೆತನದ ಹೆಸರು ಮೊದಲು, ಆಮೇಲೆ ಅಲ್ಪವಿರಾಮ, ಆಮೇಲೆ ಸ್ವಂತ ಹೆಸರಿನ ಮೊದಲಕ್ಷರ. ಸರಿ! ಆದರೆ ನಮ್ಮಲ್ಲಿ ಮನೆತನದ ಹೆಸರು ಎಷ್ಟು ಜನಕ್ಕಿದೆ? ನನ್ನ ಪಟ್ಟಿಯ ಅರ್ಧಕ್ಕರ್ಧ ತಮಿಳರು. ಅವರ ಹೆಸರಿನ ಮುಂದಿರುವುದು ಒಂದು ಇನಿಷಿಯಲ್, ಅದು ಅಪ್ಪನದು. ನಾನು ಯೋಚನೆ ಮಾಡಿದೆ. ಮಾಡಬಾರದಿತ್ತು! ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಮನೆತನ ಮಾಡಿಬಿಟ್ಟರೆ ನಿಯಮಪಾಲನೆ ಆದಂತೆ ಎಂದು ಹೊಳೆಯಿತು.

ವೆಸ್ಟ್ ಮಾಂಬಲಂನ ನಮ್ಮ ಕಿರಿದಾದ ಬಾಲ್ಕನಿಯಲ್ಲಿ ಕುಳಿತು ಊರಿನ ವಿದ್ವಾಂಸರಿಗೆಲ್ಲ ಫೋನ್ ಮಾಡಿದೆ. "ಸಾರ್, ನಿಮ್ಮ ತಂದೆಯವರ ಹೆಸರು?" ಒಬ್ಬರು ಸಂಬಂಧ ಕೇಳುತ್ತಿದ್ದೇನೆಂದು ತಿಳಿದು ಮಗನ ಜಾತಕವನ್ನೇ ಕಳಿಸಿದರು. ಯಾರ ತಂದೆಯ ಹೆಸರು ಸಿಗಲಿಲ್ಲವೋ ಅವರನ್ನು ಸ್ವಂತ ಹೆಸರಿನಲ್ಲೇ ಬಿಟ್ಟೆ. ಅದೇ ಉತ್ಸಾಹದಲ್ಲಿ, ಒಂದು ಪತ್ರಿಕೆಯಲ್ಲಿ ಅಚ್ಚಾಗಲಿದ್ದ ನನ್ನ ಏಕಮಾತ್ರ ಲೇಖನದ ಅರ್ಜಿಯನ್ನೂ ತುಂಬಿ ಕಳಿಸಿದೆ.

ಸೋಮವಾರ ತಾಂಬರಂನಲ್ಲಿ ನನ್ನ ಮಾರ್ಗದರ್ಶಕರಾದ ಪ್ರೊಫೆಸರ್ ಎಸ್. ಇಳಂಗೋವನ್ ಅವರ ಮುಂದೆ ಪ್ರಬಂಧ ಇಟ್ಟೆ. ಮಾರ್ಗದರ್ಶಕರು ಪ್ರಬಂಧವನ್ನು ಹಿಂದಿನಿಂದ ಓದುತ್ತಾರೆ, ಮೊದಲು ತಮ್ಮ ಹೆಸರು ಹುಡುಕುತ್ತಾರೆ. ಅವರ ಹನ್ನೊಂದು ಲೇಖನ ಹಾಕಿದ್ದೆ. ಅವರು ಹುಡುಕಿದರು. ಮತ್ತೆ ಹುಡುಕಿದರು. ಕನ್ನಡಕ ಒರೆಸಿಕೊಂಡು ಹುಡುಕಿದರು.

"ಎನ್ನಮ್ಮಾ ಇದು? ನಾನ್ ಎಂಗೆ?"

ಅವರೆಲ್ಲಿದ್ದಾರೆಂದು ಬೆರಳಿಟ್ಟು ತೋರಿಸಿದೆ. 'ಸುಂದರಂ, ಇ.' ಎಂದಿತ್ತು.

"ಸುಂದರಂ ಎಂಗ ಅಪ್ಪಾ, ನನ್ನ ತಂದೆ! ಅವರು ಸೈಕಲ್ ಅಂಗಡಿ ಇಟ್ಟಿದ್ದವರಮ್ಮಾ! ಕೆರೆ ಬಗ್ಗೆ ಅವರಿಗೇನು ಗೊತ್ತು?"

ಮರುದಿನವೇ ಸಲ್ಲಿಕೆಗೆ ಕೊನೆಯ ದಿನ. ಲೋಕಲ್ ರೈಲಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಇಡೀ ಪ್ರಬಂಧದಲ್ಲಿ 'ಸುಂದರಂ' ಇದ್ದಲ್ಲೆಲ್ಲ 'ಇಳಂಗೋವನ್' ಎಂದು ಬದಲಿಸುವಂತೆ ಒಂದೇ ಗುಂಡಿ ಒತ್ತಿದೆ. ಕ್ಷಣದಲ್ಲಿ ಕೆಲಸ ಮುಗಿಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಮಾಂಬಲಂ ಸ್ಟೇಷನ್ನಿನಲ್ಲಿ ಮಲ್ಲಿಗೆ ಕೊಂಡು ಮುಡಿದೆ.

ಕೆ. ಸುಂದರಂ ಎಂಬ ಇನ್ನೊಬ್ಬ ವಿದ್ವಾಂಸರಿದ್ದಾರೆ. ನಮ್ಮ ಪ್ರೊಫೆಸರಿಗೂ ಅವರಿಗೂ ಇಪ್ಪತ್ತು ವರ್ಷದ ಜಗಳ. ತಂದೆಯ ಹೆಸರು ಸಿಗದೆ ನಾನು ಹಾಗೇ ಬಿಟ್ಟವರಲ್ಲಿ ಅವರೂ ಒಬ್ಬರು. ವಿಶ್ವವಿದ್ಯಾಲಯ ನನ್ನ ಪ್ರಬಂಧವನ್ನು ಹೊರಗಿನ ಪರೀಕ್ಷಕರಿಗೆ ಕಳಿಸಿತು. ಯಾರಿಗೆ? ಅವರಿಗೇ!

ಮೌಖಿಕ ಪರೀಕ್ಷೆಯ ದಿನ ಅವರು ನನ್ನ ಮೂರನೆಯ ಅಧ್ಯಾಯದಿಂದ ಒಂದು ಸಾಲು ಗಟ್ಟಿಯಾಗಿ ಓದಿದರು: "ಇಳಂಗೋವನ್ ಅವರ ವಾದ ಸಂಪೂರ್ಣ ತಪ್ಪೆಂದು ಇಳಂಗೋವನ್ ಸಾಬೀತು ಮಾಡಿದ್ದಾರೆ." ಸಭೆ ನಕ್ಕಿತು. ನಮ್ಮ ಪ್ರೊಫೆಸರ್ ನಗಲಿಲ್ಲ. ಪರೀಕ್ಷಕರು ಪಟ್ಟಿ ತಿರುವಿ ಮೃದುವಾಗಿ ಕೇಳಿದರು, "ನಾನ್ ಎಂಗಮ್ಮಾ?"

ಈ ಪ್ರಶ್ನೆ ನನಗೆ ಹೊಸದಲ್ಲ.

ಪಟ್ಟಿ ತಿದ್ದಿ ಮತ್ತೆ ಸಲ್ಲಿಸಬೇಕು ಎಂದು ತೀರ್ಪಾಯಿತು. ಅಂದರೆ ಇನ್ನೂ ಒಂದು ವರ್ಷ. ಜೂನ್ ಬಂತು, ಹೋಯಿತು. ಖಾಯಂ ಹುದ್ದೆ ನನಗಿಂತ ಆಮೇಲೆ ಸೇರಿದವನಿಗೆ ಸಿಕ್ಕಿತು. ಅವನ ಪಟ್ಟಿ ಪ್ರಿಂಟ್ ಅಂಗಡಿಯವರು ಮಾಡಿದ್ದಂತೆ. ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತಿದೆ. ಮಹೇಶ್ "ನಾನು ಆಗ್ಲೇ ಹೇಳಿದ್ದೆ" ಎನ್ನಲಿಲ್ಲ. ಅಂದಿದ್ದರೆ ಕೂಗಾಡಿಯಾದರೂ ಹಗುರಾಗುತ್ತಿದ್ದೆ.

ಆ ವಾರವೇ ಅಪ್ಪನ ಫೋನು. ದನಿಯಲ್ಲಿ ಎಂದೂ ಇಲ್ಲದ ಖುಷಿ.

"ಸುಮಿತ್ರಾ, ಅದ್ಯಾವುದೋ ದೊಡ್ಡ ಪತ್ರಿಕೆಲಿ ನನ್ನೆಸ್ರು ಬಂದದಂತಲ್ಲವ್ವ! ನಿನ್ ತಮ್ಮ ಫೋನ್‌ಲಿ ತೋರ್ಸ್ದ. ಕೆರೆ ಬಗ್ಗೆ ನಾನು ಬರ್ದಿವ್ನಿ ಅಂತ ಹಾಕವ್ರೆ. ಊರವ್ರೆಲ್ಲ ಬಂದು ನೋಡ್ಕ ಹೋದ್ರು!"

ನನ್ನ ಲೇಖನ ತೆರೆದು ನೋಡಿದೆ. ಅರ್ಜಿಯಲ್ಲಿ ಮನೆತನದ ಹೆಸರಿನ ಜಾಗದಲ್ಲಿ ನಾನೇ ಶ್ರದ್ಧೆಯಿಂದ ತುಂಬಿದ್ದ ಅಪ್ಪನ ಹೆಸರು ಮುಂದೆ ಬಂದು ನಿಂತಿತ್ತು. ಪತ್ರಿಕೆಯವರಿಗೆ ಬರೆದೆ. ಅಚ್ಚಾದದ್ದನ್ನು ಬದಲಿಸಲಾಗದು ಎಂದು ವಿನಯದಿಂದ ಉತ್ತರಿಸಿದರು. ಅಪ್ಪನಿಗೆ ಏನು ಹೇಳಲಿ? ಓದು ಸಾಕು ಎಂದವರಿಗೆ ನನ್ನ ಆರು ವರ್ಷದ ಓದನ್ನು ಬರೆದುಕೊಟ್ಟಿದ್ದೆ, ನನ್ನದೇ ಕೈಯಾರೆ.

ಈಗ ಪಟ್ಟಿ ತಿದ್ದುತ್ತಿದ್ದೇನೆ. ನನ್ನ ಲೇಖನವನ್ನೂ ಅದರಲ್ಲಿ ಸೇರಿಸಬೇಕು, ಅಚ್ಚಾದಂತೆಯೇ ಸೇರಿಸಬೇಕು ಎಂಬುದು ನಿಯಮ. 'ಗುರುಮಲ್ಲಪ್ಪ, ಎಸ್.' ಎಂದು ಟೈಪಿಸಿದೆ. ಇಡೀ ಹದಿನೆಂಟು ಪುಟದಲ್ಲಿ ಒಂದೂ ತಪ್ಪಿಲ್ಲದೆ ನಾನು ಬರೆದ ಮೊದಲ ಸಾಲು ಅದು!